ಸದ್ದಿನಿಂದ ಕಾಂತಕ್ಷೇತ್ರ: ಅಗ್ಗದ ಸಂವೇದಕಗಳೊಂದಿಗೆ ಹತ್ತನೆಯ ತರಗತಿಯ ನಾಲ್ಕು ಅವಧಿಗಳು

ಹತ್ತನೆಯ ತರಗತಿಯ ‘ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು’ ಘಟಕದ ಆರಂಭದಲ್ಲಿ ಬರುವ ಚಟುವಟಿಕೆ ನಮಗೆಲ್ಲ ಪರಿಚಿತ. ಹಾಳೆಯ ಮೇಲೆ ದಂಡಕಾಂತ ಇಡುವುದು, ಪಕ್ಕದಲ್ಲಿ ದಿಕ್ಸೂಚಿ ಇಟ್ಟು ಸೂಜಿಯ ಎರಡೂ ತುದಿಗೆ ಚುಕ್ಕೆ ಹಾಕುವುದು, ದಿಕ್ಸೂಚಿಯನ್ನು ಸರಿಸಿ ಮತ್ತೆ ಚುಕ್ಕೆ ಹಾಕುವುದು, ಕೊನೆಗೆ ಚುಕ್ಕೆಗಳನ್ನು ಸೇರಿಸಿ ಬಲರೇಖೆ ಎಳೆಯುವುದು. ಕಬ್ಬಿಣದ ಚೂರು ಉದುರಿಸಿ ಹಾಳೆಯನ್ನು ಮೆಲ್ಲಗೆ ತಟ್ಟುವುದು ಇನ್ನೊಂದು. ಎರಡೂ ಒಳ್ಳೆಯ ಚಟುವಟಿಕೆಗಳೇ. ಆದರೆ ಎರಡೂ ಪೂರ್ತಿ ಕಣ್ಣಿನ ಕೆಲಸ.

ಅಭ್ಯಾಸ ಬೋಧನೆಗೆ ನನಗೆ ಸಿಕ್ಕ ಸರ್ಕಾರಿ ಪ್ರೌಢಶಾಲೆಯ ತರಗತಿಯಲ್ಲಿ 41 ಮಕ್ಕಳಿದ್ದರು. ಅವರಲ್ಲಿ ಒಬ್ಬ ವಿದ್ಯಾರ್ಥಿನಿ ಮಂದದೃಷ್ಟಿಯವಳು. ಪುಸ್ತಕವನ್ನು ಮುಖದ ಹತ್ತಿರ ಹಿಡಿದು ದಪ್ಪ ಅಕ್ಷರ ಓದುತ್ತಾಳೆ, ಲೆಕ್ಕದಲ್ಲಿ ಚುರುಕು, ದಿಕ್ಸೂಚಿಯ ಸೂಜಿ ಮಾತ್ರ ಅವಳಿಗೆ ಕಾಣುವುದಿಲ್ಲ. ಇಂಥ ಪಾಠದಲ್ಲಿ ಅಂಥ ಮಕ್ಕಳಿಗೆ ಏನಾಗುತ್ತದೆಂದು ಬಿ.ಇಡಿ. ಮೊದಲ ಸೆಮಿಸ್ಟರ್‌ನಿಂದಲೂ ನಾವು ನೋಡಿದ್ದೇವೆ. ಪಕ್ಕದವರು ಫಲಿತಾಂಶ ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ. ಚಟುವಟಿಕೆಯ ಅಂಕಕ್ಕೆ ಬದಲಾಗಿ ವ್ಯಾಖ್ಯೆ ಬರೆಸಲಾಗುತ್ತದೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ನಾವು ಬರೆಯುವ ಉತ್ತರಕ್ಕೂ ಈ ರೂಢಿಗೂ ಸಂಬಂಧವಿಲ್ಲ.

ಹಾಗಾಗಿ ಈ ಘಟಕದ ನಾಲ್ಕು ಅವಧಿಗಳಿಗೆ, ಹತ್ತಿರದ ಕಾಂತವನ್ನು ಗುರುತಿಸಿ ಸದ್ದು ಮಾಡುವ ಅಗ್ಗದ ಸಂವೇದಕಗಳನ್ನು ಬೋಧನೋಪಕರಣವಾಗಿ ಆರಿಸಿಕೊಂಡೆ. ಪಾಠ ಯೋಜನೆ ನೋಡಿದ ಮಾರ್ಗದರ್ಶಕ ಶಿಕ್ಷಕರ ಮೊದಲ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: “ದಿಕ್ಸೂಚಿ ಇರೋವಾಗ ಇದೆಲ್ಲ ಯಾಕಮ್ಮ? ಒಳಗೆ ಏನಿದೆ ಅಂತ ಗೊತ್ತಿಲ್ಲದ ಡಬ್ಬಿ ಕೊಟ್ಟು ಕೂಗಿಸಿದ್ರೆ ವಿಜ್ಞಾನ ಆಗುತ್ತಾ?” ಈ ಪ್ರಶ್ನೆ ನಾಲ್ಕೂ ಅವಧಿಗಳಲ್ಲಿ ನನ್ನ ಜೊತೆಗಿತ್ತು. ಸಂವೇದಕಗಳನ್ನು ಯಾವ ಕ್ರಮದಲ್ಲಿ ತರಬೇಕೆಂದು ನಿರ್ಧರಿಸಿದ್ದೂ ಅದೇ: ಒಳಗಿರುವುದು ಕಾಣುವಂಥದ್ದು ಮೊದಲು, ಕಾಣದ್ದು ನಂತರ.

ರೀಡ್ ಸ್ವಿಚ್

ಒಳಗಿರುವುದು ಕಾಣುವ ಸಂವೇದಕವೆಂದರೆ ರೀಡ್ ಸ್ವಿಚ್. ಒಂದೂವರೆ ಸೆಂಟಿಮೀಟರ್‌ನಷ್ಟು ಉದ್ದದ ಗಾಜಿನ ಕೊಳವೆ. ಒಳಗೆ ನಿಕ್ಕಲ್-ಕಬ್ಬಿಣದ ಮಿಶ್ರಲೋಹದ ಎರಡು ತೆಳು ಪಟ್ಟಿಗಳು ಒಂದಕ್ಕೊಂದು ತಾಗದಂತೆ ಕೂದಲೆಳೆಯ ಅಂತರದಲ್ಲಿ ನಿಂತಿರುತ್ತವೆ. ಕಾಂತ ಹತ್ತಿರ ಬಂದಾಗ ಪಟ್ಟಿಗಳೇ ತಾತ್ಕಾಲಿಕ ಕಾಂತಗಳಾಗಿ, ಎದುರುಬದುರಿನ ತುದಿಗಳಲ್ಲಿ ವಿಜಾತಿ ಧ್ರುವಗಳುಂಟಾಗಿ, ಒಂದನ್ನೊಂದು ಸೆಳೆದು ತಾಗುತ್ತವೆ. ಮಂಡಲ ಪೂರ್ಣವಾಗುತ್ತದೆ. ಕಾಂತ ದೂರ ಸರಿದರೆ ಲೋಹದ ಪುಟಿತದಿಂದ ಬಿಡಿಸಿಕೊಳ್ಳುತ್ತವೆ. ಇಷ್ಟೇ. 1936ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ ರೂಪಿಸಿದ ಈ ಸ್ವಿಚ್ ಇಂದಿಗೂ ಬಾಗಿಲಿನ ಅಲಾರಂಗಳಲ್ಲಿ, ಸೈಕಲ್ಲಿನ ವೇಗಮಾಪಕಗಳಲ್ಲಿ, ನೀರಿನ ಟ್ಯಾಂಕಿನ ಕೆಲವು ತೇಲುವ ಮಟ್ಟಸೂಚಕಗಳಲ್ಲಿ ಕೆಲಸ ಮಾಡುತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಕ್ಕೆ ಹತ್ತು ರೂಪಾಯಿಯಂತೆ ಹನ್ನೆರಡು ತಂದೆ.

ಮಂಡಲ ಸರಳ. ಮೂರು ಪೆನ್‌ಟಾರ್ಚ್ ಸೆಲ್‌ಗಳು, ಒಂದು ಸಣ್ಣ ಬಜರ್, ರೀಡ್ ಸ್ವಿಚ್, ಮೂರೂ ಸರಣಿಯಲ್ಲಿ. ಎರಡು ವಿಷಯ ಗಮನದಲ್ಲಿರಲಿ. ಸ್ವಿಚ್ಚಿನ ಕಾಲುಗಳನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಗಾಜು ಸೀಳುತ್ತದೆ. ಬುಡವನ್ನು ಇಕ್ಕುಳದಲ್ಲಿ ಹಿಡಿದು ಆಚೆಯ ಭಾಗವನ್ನು ಬಗ್ಗಿಸಬೇಕು. ನಾನು ಬಗ್ಗಿಸುವ ಗೋಜಿಗೇ ಹೋಗದೆ ನೇರ ತಂತಿ ಬೆಸೆದು, ಸ್ವಿಚ್ಚನ್ನು ಎಳನೀರು ಕುಡಿಯುವ ಸ್ಟ್ರಾ ತುಂಡಿನೊಳಗೆ ತೂರಿಸಿದೆ. ಗಾಜಿಗೆ ರಕ್ಷಣೆ ಸಿಕ್ಕಿತು, ಜೊತೆಗೆ ಸ್ವಿಚ್ ಯಾವ ದಿಕ್ಕಿಗೆ ಮಲಗಿದೆಯೆಂಬುದು ಬೆರಳಿಗೆ ತಿಳಿಯುವಂತಾಯಿತು. ಎರಡನೆಯದು, ಅಂಗಡಿಯಲ್ಲಿ ಸಿಗುವ ಅನೇಕ ಕಪ್ಪು ಬಜರ್‌ಗಳ ಒಳಗೇ ಒಂದು ಪುಟ್ಟ ಕಾಂತವಿರುತ್ತದೆ. ಆದ್ದರಿಂದ ಬಜರ್‌ಗೂ ಸ್ವಿಚ್ಚಿಗೂ ನಡುವೆ ಒಂದು ಮೀಟರ್ ತಂತಿ ಬಿಟ್ಟೆ.

ಶಾಲೆಯ ಹಳೆಯ ದಂಡಕಾಂತಗಳು ಈ ಕೆಲಸಕ್ಕೆ ದುರ್ಬಲ. 10 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ನಿಯೋಡಿಮಿಯಂ ಬಿಲ್ಲೆಗಳು ಹತ್ತನ್ನು ಒಂದರ ಮೇಲೊಂದು ಜೋಡಿಸಿದರೆ 3 ಸೆಂ.ಮೀ. ಉದ್ದದ ಗಟ್ಟಿ ದಂಡಕಾಂತ ಸಿಗುತ್ತದೆ. ಇದನ್ನು ಥರ್ಮೋಕೋಲ್ ಹಲಗೆಯ ನಡುವೆ ಕೊರೆದು ಕೂರಿಸಿ ಟೇಪ್ ಅಂಟಿಸಿದೆ.

ಮಕ್ಕಳನ್ನು ಏಳು ಗುಂಪು ಮಾಡಿ ಒಂದೇ ಸೂಚನೆ ಕೊಟ್ಟೆ: ಸ್ಟ್ರಾವನ್ನು ಕಾಂತಕ್ಕೆ ಸಮಾಂತರವಾಗಿ ಹಿಡಿದು, ಎರಡು ಬೆರಳಗಲ ದೂರದಲ್ಲಿ, ಕಾಂತದ ಉದ್ದಕ್ಕೂ ಎಡದಿಂದ ಬಲಕ್ಕೆ ಸರಿಸಿ, ಸದ್ದು ಶುರುವಾದಲ್ಲಿ ಮತ್ತು ನಿಂತಲ್ಲಿ ಗುರುತು ಹಾಕಿ. ಗುರುತಿಗೆ ಗುಂಡುಸೂಜಿ ಬಳಸಬಾರದು, ಅದು ಕಬ್ಬಿಣ. ಪೊರಕೆ ಕಡ್ಡಿಯ ಚಿಕ್ಕ ಚಿಕ್ಕ ತುಂಡುಗಳನ್ನು ಥರ್ಮೋಕೋಲಿಗೆ ಚುಚ್ಚುವ ಏರ್ಪಾಡು ಮಾಡಿದೆ. ಕಡ್ಡಿಗಳ ಸಾಲನ್ನು ಬೆರಳಿನಿಂದಲೂ ಓದಬಹುದು.

ಮಕ್ಕಳ ಪೂರ್ವಜ್ಞಾನವೆಂದರೆ ಕಾಂತದ ಬಲ ಧ್ರುವಗಳಲ್ಲಿ ಹೆಚ್ಚು. ಆರನೆಯ ತರಗತಿಯಿಂದ ಕಬ್ಬಿಣದ ಚೂರು ತುದಿಗಳಿಗೆ ಗುಪ್ಪೆಯಾಗಿ ಅಂಟುವುದನ್ನು ನೋಡಿದವರು. ಹಾಗಾಗಿ ತುದಿಗಳಲ್ಲಿ ಸದ್ದು, ನಡುವೆ ಮೌನ ಎಂದು ಹೆಚ್ಚಿನವರು ಮೊದಲೇ ಬರೆದಿಟ್ಟಿದ್ದರು. ಮಂದದೃಷ್ಟಿಯ ವಿದ್ಯಾರ್ಥಿನಿ ತನ್ನ ಗುಂಪಿನಲ್ಲಿ ಸ್ಟ್ರಾ ಹಿಡಿದಿದ್ದಳು. ಎರಡು ಸಲ ಸರಿಸಿ ನೋಡಿ, “ಮಿಸ್, ಮಧ್ಯದಲ್ಲಿ ಕೂಗುತ್ತೆ, ತುದಿ ದಾಟ್ತಾ ಇದ್ದ ಹಾಗೆ ನಿಂತೋಗುತ್ತೆ, ಆಮೇಲೆ ಆಚೆ ಹೋದ್ರೆ ಮತ್ತೆ ಕೂಗುತ್ತೆ” ಎಂದಳು. ಗುಂಪಿನ ಹುಡುಗನೊಬ್ಬ “ಕೈ ಅಲ್ಲಾಡಿಸ್ತಾಳೆ ಮಿಸ್, ಧ್ರುವದ ಹತ್ರ ನಿಲ್ಲೋಕೆ ಆಗಲ್ಲ” ಎಂದ. ಅವಳು ಬಿಟ್ಟುಕೊಡಲಿಲ್ಲ, ಸ್ಟ್ರಾವನ್ನು ಅವನ ಕೈಗೇ ಕೊಟ್ಟು, ಅವನ ಮಣಿಕಟ್ಟು ಹಿಡಿದು ಸರಿಸಿದಳು. ಅದೇ ಮೂರು ಕೂಗು, ನಡುವೆ ಎರಡು ಮೌನ. ಹೊತ್ತಿಗೆ ಸರಿಯಾಗಿ ಬೇರೆ ಗುಂಪುಗಳಿಂದಲೂ ಅದೇ ವರದಿ ಬಂತು. ಸ್ಟ್ರಾವನ್ನು ಇನ್ನೂ ದೂರ, ಮೂರೂವರೆ ಸೆಂಟಿಮೀಟರ್ ಆಚೆ ಹಿಡಿದವರಿಗೆ ಮಾತ್ರ ನಡುವಿನ ಒಂದೇ ಕೂಗು ಸಿಕ್ಕಿತ್ತು.

ಧ್ರುವದ ಪಕ್ಕದಲ್ಲೇ ಮೌನ ಯಾಕೆ? ಈ ಪ್ರಶ್ನೆ ಈ ಪಾಠಕ್ಕೆ ನಾನು ಬಯಸಿದ ‘ಅನ್ವೇಷಣೆ’ಯ ಹಂತ. ಉತ್ತರ ಹೇಳದೆ ಇನ್ನೊಂದು ಸೂಚನೆ ಕೊಟ್ಟೆ. ಮೌನವಿರುವ ಜಾಗದಲ್ಲೇ ಸ್ಟ್ರಾವನ್ನು ಸರಿಸದೆ ತಿರುಗಿಸಿ. ತಿರುಗಿಸಿದರು, ಸ್ಟ್ರಾ ಕಾಂತಕ್ಕೆ ಲಂಬವಾಗುತ್ತ ಬಂದಂತೆ ಬಜರ್ ಕೂಗಿತು. ಅಂದರೆ ಅಲ್ಲಿ ಕ್ಷೇತ್ರ ಇಲ್ಲವೆಂದಲ್ಲ, ಅದು ಪಕ್ಕಕ್ಕೆ ಮುಖ ಮಾಡಿದೆ. ರೀಡ್ ಸ್ವಿಚ್ ತನ್ನ ಉದ್ದದ ನೇರಕ್ಕೆ ಇರುವ ಕ್ಷೇತ್ರವನ್ನಷ್ಟೇ ಕೇಳುತ್ತದೆ. ಅಡ್ಡವಾಗಿ ಬಂದ ಕ್ಷೇತ್ರಕ್ಕೆ ಎರಡೂ ಪಟ್ಟಿಗಳ ನಡುತುದಿಗಳಲ್ಲಿ ವಿಜಾತಿ ಧ್ರುವಗಳು ಉಂಟಾಗುವುದಿಲ್ಲ, ಸೆಳೆತವಿಲ್ಲ. ಇದನ್ನು ಪರೀಕ್ಷಿಸಲು ಒಂದು ಬಿಲ್ಲೆಯ ಧ್ರುವವನ್ನು ನೇರವಾಗಿ ಸ್ಟ್ರಾದ ನಟ್ಟನಡುವಿಗೆ ಗುರಿಯಿಟ್ಟು ತರಲು ಹೇಳಿದೆ. ಬಹುತೇಕ ತಾಗುವಷ್ಟು ಹತ್ತಿರ ತಂದರೂ ಸದ್ದಿಲ್ಲ. ಸ್ವಲ್ಪ ಪಕ್ಕಕ್ಕೆ ಜರುಗಿಸಿದ ಕೂಡಲೇ ಕೂಗು. ತರಗತಿಯಲ್ಲಿ ನಗು.

ಇಲ್ಲಿಂದ ಮುಂದೆ ಆ ವಿದ್ಯಾರ್ಥಿನಿ ಮಾಡಿದ್ದನ್ನು ಸಹಪಾಠಿ ವೀಕ್ಷಕರು ತಮ್ಮ ವೀಕ್ಷಣಾ ನಮೂನೆಯಲ್ಲಿ ಬರೆದಿದ್ದಾರೆ, ನಾನೂ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಈ ವಿಧಾನ ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಒಂದು ಜಾಗದಲ್ಲಿ ಸ್ಟ್ರಾದ ನಡುವನ್ನು ಬೆರಳಿನಿಂದ ಒತ್ತಿಹಿಡಿದು ಮೆಲ್ಲಗೆ ಪ್ರದಕ್ಷಿಣೆಯಾಗಿ ತಿರುಗಿಸಿದಳು. ಸದ್ದು ಶುರುವಾದ ಕೋನದಲ್ಲಿ ಒಂದು ಕಡ್ಡಿ ಚುಚ್ಚಿದಳು. ಮತ್ತೆ ಮೌನದ ಕಡೆಗೆ ಹೋಗಿ, ವಿರುದ್ಧ ದಿಕ್ಕಿನಿಂದ ತಿರುಗಿಸುತ್ತ ಬಂದು ಸದ್ದು ಶುರುವಾದಲ್ಲಿ ಇನ್ನೊಂದು ಕಡ್ಡಿ. ಎರಡು ಕಡ್ಡಿಗಳ ನಟ್ಟನಡುವೆ ಸ್ಟ್ರಾವನ್ನು ಮಲಗಿಸಿ, “ಇದೇ ದಿಕ್ಕು” ಎಂದಳು. ಸರಿಯೇ. ಕ್ಷೇತ್ರದ ದಿಕ್ಕಿನಿಂದ ಆಚೀಚೆ ಸಮಾನ ಕೋನಗಳಲ್ಲಿ ಸ್ವಿಚ್ ಕೂಡಿಕೊಳ್ಳುವುದರಿಂದ ನಡುಗೆರೆಯೇ ಕ್ಷೇತ್ರದ ಗೆರೆ. ‘ಶುರುವಾದ’ ಕೋನಗಳನ್ನೇ ಎರಡೂ ಕಡೆಯಿಂದ ತೆಗೆದುಕೊಂಡದ್ದು ಇಲ್ಲಿ ಮುಖ್ಯ. ಸ್ವಿಚ್ ಕೂಡಿಕೊಳ್ಳಲು ಬೇಕಾದ ಕ್ಷೇತ್ರಕ್ಕಿಂತ ಕಡಿಮೆ ಕ್ಷೇತ್ರದಲ್ಲೂ ಕೂಡಿಕೊಂಡೇ ಇರುತ್ತದೆ, ಹಾಗಾಗಿ ಸದ್ದು ಶುರುವಾಗುವ ಕೋನ ಮತ್ತು ನಿಲ್ಲುವ ಕೋನ ಬೇರೆ ಬೇರೆ. ಒಂದು ಕಡೆ ‘ಶುರು’, ಇನ್ನೊಂದು ಕಡೆ ‘ನಿಲುಗಡೆ’ ತೆಗೆದುಕೊಂಡಿದ್ದರೆ ನಡುಗೆರೆ ವಾಲುತ್ತಿತ್ತು. ಅವಳು ಯಾಕೆ ಹಾಗೆ ಮಾಡಿದಳೆಂದು ಕೇಳಿದೆ. “ಬಾಗಿಲಿನ ಅಗುಳಿ ಹಂಗೆ ಮಿಸ್, ಹಾಕುವಾಗ ಒಂದು ಕಡೆ ಸಿಗುತ್ತೆ, ತೆಗೆಯುವಾಗ ಇನ್ನೊಂದು ಕಡೆ ಬಿಡುತ್ತೆ.”

ಹೀಗೆ ಹನ್ನೊಂದು ಜಾಗಗಳಲ್ಲಿ ದಿಕ್ಕು ಹಿಡಿದು, ಕಡ್ಡಿಗಳಿಗೆ ಉಣ್ಣೆಯ ದಾರ ಸುತ್ತಿ, ಒಂದು ತುದಿಯಿಂದ ಹೊರಟು ಬಾಗಿ ಇನ್ನೊಂದು ತುದಿಗೆ ಸೇರುವ ಎರಡು ಬಲರೇಖೆಗಳನ್ನು ಅವಳ ಗುಂಪು ಮಾಡಿತು. ಮುಂದಿನ ದಿನ ಅದೇ ಹಲಗೆಯ ಮೇಲೆ ಉಳಿದವರು ದಿಕ್ಸೂಚಿ ಇಟ್ಟು ನೋಡಿದರು. ಹನ್ನೊಂದರಲ್ಲಿ ಒಂಬತ್ತು ಕಡೆ ಸೂಜಿ ದಾರದ ನೇರಕ್ಕೇ ನಿಂತಿತು. ಉಳಿದೆರಡು ಕಾಂತಕ್ಕೆ ತೀರ ಹತ್ತಿರದವು. ಅಲ್ಲಿ ಕ್ಷೇತ್ರ ಪ್ರಬಲವಾದ್ದರಿಂದ ಸ್ಟ್ರಾ ಹೇಗೆ ತಿರುಗಿಸಿದರೂ ಹೆಚ್ಚುಕಡಿಮೆ ಕೂಗುತ್ತಲೇ ಇರುತ್ತದೆ, ಮೌನದ ಕೋನ ಕಿರಿದು, ನಡುಗೆರೆ ಹಿಡಿಯುವುದು ಕಷ್ಟ.

ಆದರೆ ದಾರಕ್ಕೆ ಬಾಣದ ಗುರುತಿಲ್ಲ. ಗೆರೆ ಸಿಕ್ಕಿತು, ಅದು ಯಾವ ಕಡೆಗೆ ಹರಿಯುತ್ತದೆಂದು ರೀಡ್ ಸ್ವಿಚ್ ಹೇಳುವುದಿಲ್ಲ. ಕಾಂತವನ್ನು ಹಿಂದುಮುಂದು ಮಾಡಿದರೂ ಅದೇ ಸದ್ದು. ಎರಡನೆಯ ಸಂವೇದಕಕ್ಕೆ ದಾರಿ ಇದೇ.

ಹಾಲ್ ಸಂವೇದಕ

1873ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಮ್ಯಾಕ್ಸ್‌ವೆಲ್, ಕಾಂತಕ್ಷೇತ್ರದಲ್ಲಿರುವ ತಂತಿಯ ಮೇಲೆ ಆಗುವ ಬಲ ತಂತಿಯ ಮೇಲೆಯೇ ಹೊರತು ಅದರೊಳಗೆ ಹರಿಯುವ ವಿದ್ಯುತ್ತಿನ ಮೇಲಲ್ಲ ಎಂಬ ಅರ್ಥದ ಮಾತು ಬರೆದಿದ್ದರು. ಅದನ್ನು ಓದಿದ ಎಡ್ವಿನ್ ಹಾಲ್‌ಗೆ ಸಂಶಯ ಬಂತು. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲೆಂಡ್ ಅವರ ವಿದ್ಯಾರ್ಥಿಯಾಗಿದ್ದ ಹಾಲ್, 1879ರಲ್ಲಿ ಗಾಜಿನ ಮೇಲೆ ಅಂಟಿಸಿದ ಚಿನ್ನದ ತೆಳುಹಾಳೆಯ ಮೂಲಕ ವಿದ್ಯುತ್ ಹರಿಸಿ, ಪ್ರಬಲ ವಿದ್ಯುತ್ಕಾಂತದ ನಡುವೆ ಇಟ್ಟು, ಹಾಳೆಯ ಎರಡು ಪಕ್ಕಗಳ ನಡುವೆ ಸಣ್ಣ ವಿಭವಾಂತರ ಉಂಟಾಗುವುದನ್ನು ಕಂಡರು. ಆಗ ಅವರ ವಯಸ್ಸು 23, ನಮ್ಮದೇ ವಯಸ್ಸು. ಇಲೆಕ್ಟ್ರಾನನ್ನು ಜೆ.ಜೆ. ಥಾಮ್ಸನ್ ಗುರುತಿಸಿದ್ದು 1897ರಲ್ಲಿ. ಹರಿಯುತ್ತಿರುವುದು ಏನೆಂದು ಯಾರಿಗೂ ತಿಳಿಯುವ 18 ವರ್ಷ ಮೊದಲೇ ಅದು ಪಕ್ಕಕ್ಕೆ ಸರಿಯುತ್ತದೆಂದು ಹಾಲ್ ತೋರಿಸಿದ್ದರು.

ಈ ಕಥೆಯನ್ನು ಹತ್ತನೆಯ ತರಗತಿಯಲ್ಲಿ ಹೇಳಲು ಹೊಸದೇನೂ ಬೇಕಿಲ್ಲ. ಫ್ಲೆಮಿಂಗ್‌ನ ಎಡಗೈ ನಿಯಮ ಇದೇ ಘಟಕದಲ್ಲಿದೆ. ತಂತಿಯ ಬದಲು ಅಗಲವಾದ ಪಟ್ಟಿ ಇದೆಯೆಂದುಕೊಂಡು ಎಡಗೈ ಹಿಡಿಯಲು ಹೇಳಿದೆ: ತೋರುಬೆರಳು ಕ್ಷೇತ್ರದ ಕಡೆ, ನಡುಬೆರಳು ಪ್ರವಾಹದ ಕಡೆ, ಹೆಬ್ಬೆರಳು ಪಟ್ಟಿಯ ಒಂದು ಅಂಚನ್ನು ತೋರುತ್ತದೆ. ಆವೇಶಗಳು ಆ ಅಂಚಿಗೆ ಒತ್ತರಿಸಿಕೊಳ್ಳುತ್ತವೆ. ಒಂದು ಅಂಚಿಗೂ ಇನ್ನೊಂದಕ್ಕೂ ವಿಭವಾಂತರ. ಕ್ಷೇತ್ರ ತಿರುಗಿದರೆ ಅಂಚು ಬದಲು, ವೋಲ್ಟೇಜಿನ ಚಿಹ್ನೆ ಬದಲು. ಹಿಂದಿನ ಬೆಂಚಿನಿಂದ ಒಳ್ಳೆಯ ಪ್ರಶ್ನೆ ಬಂತು: “ಇಲೆಕ್ಟ್ರಾನ್ ಪ್ರವಾಹಕ್ಕೆ ಉಲ್ಟಾ ಹೋಗುತ್ತಲ್ಲ ಮಿಸ್, ಹಾಗಾದ್ರೆ ಅದು ಇನ್ನೊಂದು ಅಂಚಿಗೆ ಹೋಗಬೇಕಲ್ವಾ?” ಇಲ್ಲ. ಚಲನೆಯೂ ಉಲ್ಟಾ, ಆವೇಶವೂ ಉಲ್ಟಾ. ಎರಡು ಉಲ್ಟಾ ಸೇರಿ ಬಲ ಅದೇ ಅಂಚಿಗೆ. ಹಾಗಾಗಿಯೇ ಆ ಅಂಚು ಋಣವೋ ಧನವೋ ಎಂದು ನೋಡಿ ಹರಿಯುವ ಆವೇಶ ಯಾವುದೆಂದು ಹೇಳಬಹುದು. ಪಠ್ಯದಲ್ಲಿಲ್ಲದಿದ್ದರೂ ಈ ಐದು ನಿಮಿಷವನ್ನು ನಾನು ಉಳಿಸಿಕೊಳ್ಳುತ್ತೇನೆ.

ಅಂಗಡಿಯಲ್ಲಿ ಸಿಗುವ ಹಾಲ್ ಸಂವೇದಕ ನೋಡಲು ಮೂರು ಕಾಲಿನ ಟ್ರಾನ್ಸಿಸ್ಟರ್‌ನಂತೆಯೇ ಇರುತ್ತದೆ. ಸ್ವಿಚ್ ಮಾದರಿಯ ಎ3144 ನನಗೆ ಹದಿನೈದು ರೂಪಾಯಿಗೆ ಸಿಕ್ಕಿತು. ಅಕ್ಷರ ಮುದ್ರಿಸಿದ ಮುಖ ನಮ್ಮ ಕಡೆ ಇದ್ದರೆ ಎಡದಿಂದ ಮೊದಲ ಕಾಲು ಧನ, ನಡುವಿನದು ಋಣ, ಮೂರನೆಯದು ಹೊರಗಣ. 9 ವೋಲ್ಟ್ ಬ್ಯಾಟರಿಯ ಧನದಿಂದ 1 ಕಿಲೋ ಓಮ್ ರೋಧಕ, ಎಲ್‌ಇಡಿ, ಅಲ್ಲಿಂದ ಮೂರನೆಯ ಕಾಲು; ಇಷ್ಟಾದರೆ ಮಂಡಲ ಮುಗಿಯಿತು. ಇದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಸವೆದ ಮೂರು ಸೆಲ್ ಸಾಲದು. ಬ್ಯಾಟರಿಯನ್ನು ತಿರುವುಮುರುವು ಜೋಡಿಸದಿರಲೆಂದು ಬ್ಯಾಟರಿಯ ಕ್ಯಾಪನ್ನು ನಾನೇ ಬೆಸೆದುಕೊಟ್ಟೆ.

ಮುದ್ರಿತ ಮುಖಕ್ಕೆ ಕಾಂತದ ಒಂದು ಮುಖ ತಂದರೆ ದೀಪ ಹತ್ತುತ್ತದೆ, ಇನ್ನೊಂದು ತಂದರೆ ಇಲ್ಲ. “ಕೆಟ್ಟೋಗಿದೆ ಮಿಸ್” ಎಂದು ಮೂರು ಗುಂಪುಗಳು ಹೇಳಿದವು. ಬಿಲ್ಲೆಗಳ ದಂಡವನ್ನು ಅಡ್ಡವಾಗಿ ದಾರ ಕಟ್ಟಿ ತೂಗುಬಿಟ್ಟು, ಉತ್ತರಕ್ಕೆ ನಿಂತ ತುದಿಗೆ ಕೆಂಪು ಬಣ್ಣ ಹಚ್ಚಿಸಿದೆ. ದೀಪ ಹತ್ತಿಸುವುದು ಬಣ್ಣವಿಲ್ಲದ ದಕ್ಷಿಣ ಧ್ರುವ ಎಂದು ಗೊತ್ತಾಯಿತು. ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು ‘ಇದು ದಕ್ಷಿಣ ಧ್ರುವ ಪತ್ತೆಮಾಡುವ ಯಂತ್ರ’ ಎಂದು ಬರೆದುಕೊಳ್ಳುತ್ತಾರೆ. ಆದ್ದರಿಂದ ಉತ್ತರ ಧ್ರುವವನ್ನು ಸಂವೇದಕದ ಬೆನ್ನಿಗೆ ತರಲು ಹೇಳಿದೆ. ದೀಪ ಹತ್ತಿತು! ಎದುರಿನಿಂದ ದಕ್ಷಿಣ, ಬೆನ್ನಿನಿಂದ ಉತ್ತರ. ಎರಡರಲ್ಲೂ ಬಲರೇಖೆ ಸಂವೇದಕವನ್ನು ಬೆನ್ನಿನಿಂದ ಮುಖದ ಕಡೆಗೇ ದಾಟುತ್ತದೆ. ಸಂವೇದಕಕ್ಕೆ ಗೊತ್ತಿರುವುದು ಧ್ರುವದ ಹೆಸರಲ್ಲ, ತನ್ನ ಮೂಲಕ ಹಾಯುವ ರೇಖೆಯ ದಿಕ್ಕು. ದಾರದ ಬಲರೇಖೆಗಳಿಗೆ ಬಾಣ ಹಾಕುವ ಕೆಲಸವನ್ನು ಅದೇ ಗುಂಪು ಎಲ್‌ಇಡಿ ತೆಗೆದು ಬಜರ್ ಹಾಕಿಕೊಂಡು ಮಾಡಿತು. ಬಾಣಗಳು ರಟ್ಟಿನ ಮೊಳೆಯಾಕಾರದ ತುಂಡುಗಳು, ಬೆರಳಿಗೆ ಸಿಗುವಂಥವು.

ದೂರ ಎರಡು ಪಟ್ಟಾದರೆ

ಸ್ವಿಚ್ ಮಾದರಿ ಇದೆ-ಇಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟು ಎಂದು ಹೇಳುವುದು ರೇಖೀಯ ಮಾದರಿ, ಉದಾಹರಣೆಗೆ ಎಸ್‌ಎಸ್49ಇ. ಕಾಂತವಿಲ್ಲದಾಗ ಇದರ ಹೊರಗಣದಲ್ಲಿ ಪೂರೈಕೆಯ ಅರ್ಧದಷ್ಟು ವೋಲ್ಟೇಜ್. ಮುದ್ರಿತ ಮುಖಕ್ಕೆ ದಕ್ಷಿಣ ಧ್ರುವ ಬಂದರೆ ಏರಿಕೆ, ಉತ್ತರ ಬಂದರೆ ಇಳಿಕೆ. 5 ವೋಲ್ಟ್ ಪೂರೈಕೆಯಲ್ಲಿ ಪ್ರತಿ ಗಾಸ್‌ಗೆ ಸುಮಾರು 1.4 ಮಿಲಿವೋಲ್ಟ್. ಕೊಳ್ಳಲು ಆಗದಿದ್ದರೆ ವಿದ್ಯುತ್ ಸ್ಕೂಟರ್ ದುರಸ್ತಿ ಮಾಡುವವರಲ್ಲಿ ಮುರಿದ ಆಕ್ಸಿಲರೇಟರ್ ಹಿಡಿ ಕೇಳಿನೋಡಿ. ಅದರೊಳಗೆ ಇಂಥದೇ ಸಂವೇದಕ, ಜೊತೆಗೆ ಕಾಂತದ ತುಂಡುಗಳು. ಹಿಡಿ ತಿರುಗಿಸಿದಾಗ ಕಾಂತ ಹತ್ತಿರ ಬರುತ್ತದೆ, ವೋಲ್ಟೇಜ್ ಏರುತ್ತದೆ, ಗಾಡಿ ಓಡುತ್ತದೆ. ಒಬ್ಬ ಹುಡುಗನ ಚಿಕ್ಕಪ್ಪನ ಗ್ಯಾರೇಜಿನಿಂದ ಒಂದು ಬಂತು. ಅದನ್ನು ಬಿಚ್ಚಿದ ಹತ್ತು ನಿಮಿಷ ನಾನು ಏನೂ ಹೇಳಬೇಕಾಗಲಿಲ್ಲ.

ಪೂರೈಕೆಗೆ ಪವರ್‌ಬ್ಯಾಂಕ್ ಬೇಡ. ಈ ಸಂವೇದಕ ಎಳೆಯುವ ಪ್ರವಾಹ ಎಷ್ಟು ಕಡಿಮೆಯೆಂದರೆ ಅನೇಕ ಪವರ್‌ಬ್ಯಾಂಕ್‌ಗಳು ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ಆರಿಹೋಗುತ್ತವೆ. ಮೂರು ಹೊಸ ಸೆಲ್ ಸಾಕು. ಅಳೆಯುವುದರಲ್ಲಿ ಒಂದು ತೊಡಕಿದೆ. ನಮ್ಮ ಪ್ರಯೋಗಾಲಯಗಳಲ್ಲಿರುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ 2.25 ವೋಲ್ಟನ್ನು 20 ವೋಲ್ಟ್ ಶ್ರೇಣಿಯಲ್ಲಿ ಓದಬೇಕು, ಅಲ್ಲಿ ಕೊನೆಯ ಅಂಕಿ 10 ಮಿಲಿವೋಲ್ಟ್. 3 ಸೆಂ.ಮೀ. ಆಚೆಯ ಕಾಂತದ ಪರಿಣಾಮ ಆ ಕೊನೆಯ ಅಂಕಿಯಲ್ಲೇ ಕರಗಿಹೋಗುತ್ತದೆ. ಉಪಾಯ ನಮ್ಮ ಬಿ.ಎಸ್ಸಿ. ಪ್ರಯೋಗಗಳಲ್ಲೇ ಇದೆ, ವೀಟ್‌ಸ್ಟನ್ ಸೇತುವೆ. 10 ಕಿಲೋ ಓಮ್‌ನ ಎರಡು ರೋಧಕಗಳನ್ನು ಬ್ಯಾಟರಿಗೆ ಅಡ್ಡಲಾಗಿ ಸರಣಿಯಲ್ಲಿ ಜೋಡಿಸಿದರೆ ಅವುಗಳ ನಡುಬಿಂದುವೂ ಪೂರೈಕೆಯ ಅರ್ಧ. ಮೀಟರನ್ನು ಆ ನಡುಬಿಂದುವಿಗೂ ಸಂವೇದಕದ ಹೊರಗಣಕ್ಕೂ ನಡುವೆ ಇಟ್ಟರೆ ವ್ಯತ್ಯಾಸವನ್ನಷ್ಟೇ 2000 ಮಿಲಿವೋಲ್ಟ್ ಶ್ರೇಣಿಯಲ್ಲಿ ಓದಬಹುದು, ಒಂದೊಂದು ಮಿಲಿವೋಲ್ಟೂ ಕಾಣುತ್ತದೆ. ಸೆಲ್ ಸವೆದು ಪೂರೈಕೆ ಇಳಿದರೆ ಎರಡು ಬದಿಯೂ ಒಟ್ಟಿಗೆ ಇಳಿಯುವುದರಿಂದ ಶೂನ್ಯ ಹೆಚ್ಚು ಅಲುಗುವುದಿಲ್ಲ.

ಗ್ರಾಫ್ ಹಾಳೆಯ ಮೇಲೆ ಒಂದೇ ಬಿಲ್ಲೆಯನ್ನು ಸಂವೇದಕದ ಎದುರಿಗೆ ನೇರವಾಗಿ ಸರಿಸಿ ಮಕ್ಕಳು ಬರೆದುಕೊಂಡ ಓದುಗಳು ಇವು. ಕಾಂತವಿಲ್ಲದಾಗ ಮೀಟರ್ ತೋರುತ್ತಿದ್ದ 14 ಮಿಲಿವೋಲ್ಟನ್ನು ಕಳೆದಿದೆ.

10 ಮಿ.ಮೀ. ದೂರದಲ್ಲಿ 298 ಮಿಲಿವೋಲ್ಟ್
20 ಮಿ.ಮೀ. ದೂರದಲ್ಲಿ 54 ಮಿಲಿವೋಲ್ಟ್
30 ಮಿ.ಮೀ. ದೂರದಲ್ಲಿ 18 ಮಿಲಿವೋಲ್ಟ್
40 ಮಿ.ಮೀ. ದೂರದಲ್ಲಿ 8 ಮಿಲಿವೋಲ್ಟ್

10 ಮಿ.ಮೀ.ಗಿಂತ ಹತ್ತಿರದ ಓದು ತೆಗೆದುಕೊಳ್ಳಲಿಲ್ಲ. ಬಿಲ್ಲೆ ತೀರ ಹತ್ತಿರವಾದರೆ ಸಂವೇದಕ ತನ್ನ ಮಿತಿ ಮುಟ್ಟಿ ಒಂದೇ ಸಂಖ್ಯೆಯಲ್ಲಿ ನಿಲ್ಲುತ್ತದೆ.

ದೂರ ಎರಡು ಪಟ್ಟಾದರೆ ಬಲ ಅರ್ಧ ಎಂದು ಊಹಿಸಿದವರೇ ಹೆಚ್ಚು. ಗುರುತ್ವದ ಪಾಠ ನೆನಪಿದ್ದ ನಾಲ್ವರು ಕಾಲು ಭಾಗ ಎಂದಿದ್ದರು. 298 ಇದ್ದದ್ದು 54 ಆಯಿತು, ಐದೂವರೆಯಲ್ಲಿ ಒಂದು ಭಾಗ. 20ರಿಂದ 40ಕ್ಕೆ ಹೋದಾಗ 54 ಇದ್ದದ್ದು 8, ಸುಮಾರು ಏಳರಲ್ಲಿ ಒಂದು ಭಾಗ. ಇನ್ನೂ ದೂರ ಹೋದಂತೆ ಇದು ಎಂಟರಲ್ಲಿ ಒಂದಕ್ಕೆ ಹತ್ತಿರವಾಗುತ್ತದೆ, ಅಂದರೆ ದೂರದ ಘನಕ್ಕೆ ವಿಲೋಮ. ಕಾರಣವನ್ನು ಹತ್ತನೆಯ ತರಗತಿಯ ಮಟ್ಟದಲ್ಲಿ ಹೀಗೆ ಹೇಳಿದೆ: ಒಂಟಿ ಧ್ರುವ ಇರುವುದಿಲ್ಲ, ಹತ್ತಿರದ ಧ್ರುವ ಮಾಡಿದ್ದನ್ನು ಅದರ ಬೆನ್ನಿಗಿರುವ ವಿರುದ್ಧ ಧ್ರುವ ಬಹುಪಾಲು ಅಳಿಸುತ್ತದೆ, ದೂರ ಹೋದಷ್ಟೂ ಎರಡೂ ಒಂದೇ ಕಡೆ ಇದ್ದಂತೆ ಕಂಡು ಹೆಚ್ಚು ಅಳಿಸುತ್ತದೆ. ಅಗ್ಗದ ಸಂವೇದಕಗಳೆಲ್ಲ ‘ಹತ್ತಿರದ’ ಕಾಂತವನ್ನಷ್ಟೇ ಗುರುತಿಸುವುದು ಇದಕ್ಕೇ. ಸಂವೇದಕವನ್ನು ಹತ್ತು ಪಟ್ಟು ಸೂಕ್ಷ್ಮಗೊಳಿಸಿದರೂ ಪತ್ತೆಯ ದೂರ ಎರಡು ಪಟ್ಟಿಗಿಂತ ಸ್ವಲ್ಪವಷ್ಟೇ ಹೆಚ್ಚುತ್ತದೆ.

ಮಾರ್ಗದರ್ಶಕರ ಪ್ರಶ್ನೆಗೆ ಒಂದು ಅಂಕಿಯ ಉತ್ತರವೂ ಇಲ್ಲೇ ಸಿಗುತ್ತದೆ, ಅದು ನನ್ನ ಉಪಕರಣದ ಪರವಾಗಿಲ್ಲ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 0.4 ಗಾಸ್. ಎಸ್‌ಎಸ್49ಇಯಲ್ಲಿ ಅದರ ಪರಿಣಾಮ ಅರ್ಧ ಮಿಲಿವೋಲ್ಟಿನಷ್ಟು, ನಮ್ಮ ಮೀಟರಿಗೆ ಕಾಣದ್ದು. ರೀಡ್ ಸ್ವಿಚ್ ಕೂಡಿಕೊಳ್ಳಲು ಸಾಮಾನ್ಯವಾಗಿ ಹತ್ತಾರು ಗಾಸ್ ಬೇಕು. ಇಪ್ಪತ್ತು ರೂಪಾಯಿಯ ದಿಕ್ಸೂಚಿಯಾದರೋ ಆ 0.4 ಗಾಸನ್ನೇ ಹಿಡಿದು ಉತ್ತರಕ್ಕೆ ನಿಲ್ಲುತ್ತದೆ. ಆದ್ದರಿಂದ ದಿಕ್ಸೂಚಿಯನ್ನು ಪಾಠದಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಏರ್ಸ್ಟೆಡ್ 1820ರಲ್ಲಿ ಕಂಡ ಸೂಜಿಯ ವಿಚಲನೆಯನ್ನು ಒಂದು ಸೆಲ್ಲಿನ ಪ್ರವಾಹದಿಂದ ತೋರಿಸಲು ದಿಕ್ಸೂಚಿಯೇ ಸರಿ. ರೀಡ್ ಸ್ವಿಚ್ ಆ ತಂತಿಯ ಪಕ್ಕದಲ್ಲಿ ಮೌನವಾಗಿಯೇ ಇರುತ್ತದೆ.

ಫೋನಿನ ಬಗ್ಗೆ ಒಂದೆರಡು ಮಾತು. ಹಲವು ಸ್ಮಾರ್ಟ್‌ಫೋನ್‌ಗಳಲ್ಲಿ ಕಾಂತಮಾಪಕವಿದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಉಚಿತ ‘ಫೈಫಾಕ್ಸ್’ ಆ್ಯಪ್‌ನಲ್ಲಿ ಮೈಕ್ರೋಟೆಸ್ಲಾದಲ್ಲಿ ಓದಬಹುದು. ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ ಇದು ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಭೂಮಿಯ ಸುಮಾರು 40 ಮೈಕ್ರೋಟೆಸ್ಲಾವನ್ನು ತೋರಿಸಲು ನನ್ನ ಫೋನನ್ನು ಮೂರು ನಿಮಿಷ ಬಳಸಿದೆ, ಅಷ್ಟೇ. ಒಳಗೇನಿದೆಯೆಂದು ಬಿಚ್ಚಿ ತೋರಿಸಲಾಗದ ಡಬ್ಬಿ ಎಂಬ ಆಕ್ಷೇಪ ಇದಕ್ಕೆ ನಿಜವಾಗಿ ಅನ್ವಯಿಸುತ್ತದೆ.

ಮೌಲ್ಯಮಾಪನ

ಬರವಣಿಗೆಯ ಜೊತೆಗೆ ಒಂದು ಮಾಡುವ ಪ್ರಶ್ನೆ ಇಟ್ಟೆ. ಮುಚ್ಚಿದ ರಟ್ಟಿನ ಡಬ್ಬಿಯೊಳಗೆ ಒಂದು ಬಿಲ್ಲೆ ಅಡಗಿಸಿ, ಅದು ಎಲ್ಲಿದೆ, ಯಾವ ಧ್ರುವ ಮೇಲ್ಮುಖವಾಗಿದೆ ಎಂದು ರೀಡ್ ಸ್ವಿಚ್ ಮತ್ತು ಎ3144 ಬಳಸಿ ಹೇಳಬೇಕು. ಡಬ್ಬಿಯ ಮೇಲೆ ಸ್ಟ್ರಾವನ್ನು ಮಲಗಿಸಿ ಸರಿಸಿದರೆ, ಮೇಲ್ಮುಖವಾದ ಬಿಲ್ಲೆಯ ಆಚೀಚೆ ಸದ್ದು, ನಟ್ಟನಡುವೆ ಮೌನ. ಆ ಮೌನವೇ ಬಿಲ್ಲೆಯ ನೆತ್ತಿ. ಏಳು ಗುಂಪುಗಳಲ್ಲಿ ಐದು ಜಾಗವನ್ನು ಸರಿಯಾಗಿ ಹಿಡಿದವು. ಉಳಿದೆರಡು ಗುಂಪುಗಳು ಹೆಚ್ಚು ಕೂಗಿದ ಜಾಗವನ್ನೇ ತೋರಿಸಿದವು. ಅವರಿಗೆ ಮರುದಿನ ಸ್ಟ್ರಾ ತಿರುಗಿಸುವ ಚಟುವಟಿಕೆಯನ್ನು ಮತ್ತೊಮ್ಮೆ ಮಾಡಿಸಿದೆ. ಮಂದದೃಷ್ಟಿಯ ವಿದ್ಯಾರ್ಥಿನಿಯ ಗುಂಪು ಎಲ್ಲರಿಗಿಂತ ಮೊದಲು ಮುಗಿಸಿತು. ಬಲರೇಖೆ ಎಳೆಯುವ ಚಟುವಟಿಕೆಯ ಅಂಕವನ್ನು ಈ ಬಾರಿ ಮಾರ್ಗದರ್ಶಕ ಶಿಕ್ಷಕರು ಅವಳ ದಾರದ ಹಲಗೆಯನ್ನು ತಾವೇ ಬೆರಳಾಡಿಸಿ ನೋಡಿ ನಮೂದಿಸಿದರು, ವ್ಯಾಖ್ಯೆ ಬರೆಸಲಿಲ್ಲ. ಡಬ್ಬಿಯ ಆಕ್ಷೇಪ ಹಾಲ್ ಸಂವೇದಕದ ವಿಷಯದಲ್ಲಿ ಅವರಿಗೆ ಇನ್ನೂ ಇದೆ. ರೀಡ್ ಸ್ವಿಚ್ಚನ್ನು ಮಾತ್ರ ಬೂದುಗಾಜಿನಲ್ಲಿ ನೋಡಿ ಎರಡು ಇಟ್ಟುಕೊಂಡಿದ್ದಾರೆ.

ಮುಂದಿನ ಹಂತದ ಅಭ್ಯಾಸ ಬೋಧನೆಗೆ ಹೋಗುವ ಗೆಳೆಯರಿಗೆ: ಉಪಕರಣದ ಪೆಟ್ಟಿಗೆ ನಮ್ಮ ಕಾಲೇಜಿನ ವಿಜ್ಞಾನ ಬೋಧನಾ ಕೊಠಡಿಯಲ್ಲಿದೆ. ರೀಡ್ ಸ್ವಿಚ್ ಒಂಬತ್ತು, ಎ3144 ಏಳು, ಎಸ್‌ಎಸ್49ಇ ಎರಡು, ಬಿಲ್ಲೆಗಳು ಎಪ್ಪತ್ತು. ಬಿಲ್ಲೆಗಳನ್ನು ಕೊಡುವಾಗಲೂ ವಾಪಸ್ ತೆಗೆದುಕೊಳ್ಳುವಾಗಲೂ ಎಣಿಸಿ. ಎರಡು ಬಿಲ್ಲೆ ಹೊಟ್ಟೆ ಸೇರಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಅಂಟಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು, ಆದ್ದರಿಂದ ಕೆಳಗಿನ ತರಗತಿಗಳಿಗೆ ಬಿಡಿ ಬಿಲ್ಲೆ ಕೊಡಬೇಡಿ. ಸೆಲ್‌ಗಳನ್ನು ತೆಗೆದಿಟ್ಟಿದ್ದೇನೆ, ಹೊಸದನ್ನು ಹಾಕಿಕೊಳ್ಳಬೇಕು.